ಬ್ರೌಸರ್ ಸಿಂಕ್: ಬೀಗದ ಕೈ ಯಾರ ಬಳಿ ಇದೆ?

ಕಚೇರಿಯ ಗಣಕದಲ್ಲಿ ಗುರುತು ಮಾಡಿಟ್ಟ ಜಾಲತಾಣವು ಸಂಜೆ ಮನೆಯ ಲ್ಯಾಪ್‌ಟಾಪ್‌ನಲ್ಲಿ ತಾನಾಗಿಯೇ ಕಾಣಿಸಿಕೊಳ್ಳುತ್ತದೆ. ಒಂದು ಸಾಧನದಲ್ಲಿ ಉಳಿಸಿದ ಪಾಸ್‌ವರ್ಡ್ ಮೊಬೈಲ್‌ನಲ್ಲಿ ಕೇಳುವ ಮೊದಲೇ ತುಂಬಿಕೊಳ್ಳುತ್ತದೆ. ಈ ಅನುಕೂಲಕ್ಕೆ ‘ಸಿಂಕ್’ ಎಂದು ಹೆಸರು. ಕ್ರೋಮ್, ಫೈರ್‌ಫಾಕ್ಸ್, ಸಫಾರಿ, ಎಡ್ಜ್ ಸೇರಿದಂತೆ ಇಂದಿನ ಪ್ರಮುಖ ಬ್ರೌಸರ್‌ಗಳೆಲ್ಲವೂ ಈ ಸೌಲಭ್ಯವನ್ನು ಉಚಿತವಾಗಿ ನೀಡುತ್ತವೆ. ಆದರೆ ಇದು ಸಾಧ್ಯವಾಗಬೇಕಾದರೆ ಬಳಕೆದಾರರ ಮಾಹಿತಿಯು ಸಾಧನವನ್ನು ಬಿಟ್ಟು ಸಂಸ್ಥೆಯೊಂದರ ಸರ್ವರ್‌ಗೆ ಹೋಗಿ ಬರಬೇಕು. ಅಲ್ಲಿ ಅದನ್ನು ಯಾರು ಓದಬಲ್ಲರು ಎಂಬುದು ಬಹುತೇಕ ಬಳಕೆದಾರರು ಕೇಳದೆ ಬಿಡುವ ಪ್ರಶ್ನೆ.

ಸಿಂಕ್ ಆಗುವುದು ಏನು?

ಬುಕ್‌ಮಾರ್ಕ್‌ಗಳು, ಭೇಟಿ ನೀಡಿದ ಪುಟಗಳ ಇತಿಹಾಸ, ತೆರೆದಿಟ್ಟ ಟ್ಯಾಬ್‌ಗಳು, ಪಾಸ್‌ವರ್ಡ್‌ಗಳು, ಅರ್ಜಿಗಳಲ್ಲಿ ತುಂಬುವ ವಿಳಾಸ ಮತ್ತು ದೂರವಾಣಿ ಸಂಖ್ಯೆ, ಕೆಲವೆಡೆ ಬ್ಯಾಂಕ್ ಕಾರ್ಡ್‌ನ ವಿವರ, ಜೊತೆಗೆ ಬ್ರೌಸರ್‌ನ ವಿಸ್ತರಣೆಗಳು ಮತ್ತು ಸೆಟ್ಟಿಂಗ್‌ಗಳು ಸಿಂಕ್ ಮೂಲಕ ಸಾಗುತ್ತವೆ. ಪಾಸ್‌ವರ್ಡ್ ಸೋರಿಕೆಯ ಅಪಾಯ ಎಲ್ಲರಿಗೂ ತಿಳಿದದ್ದೇ. ಇತಿಹಾಸದ ಸೂಕ್ಷ್ಮತೆ ಅಷ್ಟಾಗಿ ಗಮನಕ್ಕೆ ಬರುವುದಿಲ್ಲ. ಯಾವ ಕಾಯಿಲೆಯ ಬಗ್ಗೆ ಓದಿದರು, ಯಾವ ಸಾಲಕ್ಕೆ ವಿಚಾರಿಸಿದರು, ಯಾವ ಹೊಸ ಉದ್ಯೋಗ ಹುಡುಕುತ್ತಿದ್ದಾರೆ ಎಂಬುದನ್ನೆಲ್ಲ ಅದು ದಿನಾಂಕ ಮತ್ತು ಗಂಟೆಯೊಡನೆ ದಾಖಲಿಸುತ್ತದೆ. ಪಾಸ್‌ವರ್ಡ್ ಬದಲಿಸಬಹುದು, ಒಮ್ಮೆ ಹೊರಬಿದ್ದ ಇತಿಹಾಸವನ್ನು ಬದಲಿಸಲಾಗದು.

ನಡೆದು ಬಂದ ದಾರಿ

ಈ ಸೌಲಭ್ಯ ಮೊದಲು ಬಂದದ್ದು ಬ್ರೌಸರ್‌ಗೆ ಸೇರಿಸಿಕೊಳ್ಳುವ ವಿಸ್ತರಣೆಗಳ ರೂಪದಲ್ಲಿ. ಗೂಗಲ್ ಸಂಸ್ಥೆ 2006ರಲ್ಲಿ ಫೈರ್‌ಫಾಕ್ಸ್‌ಗಾಗಿ ‘ಗೂಗಲ್ ಬ್ರೌಸರ್ ಸಿಂಕ್’ ಬಿಡುಗಡೆ ಮಾಡಿ 2008ರಲ್ಲಿ ನಿಲ್ಲಿಸಿತು. ‘ಫಾಕ್ಸ್‌ಮಾರ್ಕ್ಸ್’ ಎಂಬ ಜನಪ್ರಿಯ ಸೇವೆ 2009ರಲ್ಲಿ ‘ಎಕ್ಸ್‌ಮಾರ್ಕ್ಸ್’ ಎಂದು ಹೆಸರು ಬದಲಿಸಿಕೊಂಡು 2018ರ ಮೇ 1ರಂದು ಮುಚ್ಚಿತು. ಮೊಜಿಲ್ಲಾ ಸಂಸ್ಥೆಯು 2007ರ ಡಿಸೆಂಬರ್‌ನಲ್ಲಿ ‘ವೀವ್’ ಎಂಬ ಪ್ರಯೋಗವನ್ನು ಪ್ರಕಟಿಸಿತು. ಅದೇ ಮುಂದೆ ‘ಫೈರ್‌ಫಾಕ್ಸ್ ಸಿಂಕ್’ ಆಗಿ 2011ರ ಮಾರ್ಚ್‌ನಲ್ಲಿ ಬಂದ ಫೈರ್‌ಫಾಕ್ಸ್ 4ನೇ ಆವೃತ್ತಿಯಲ್ಲಿ ಅಂತರ್ಗತವಾಯಿತು. ಕ್ರೋಮ್ 2010ರ ಜನವರಿಯಲ್ಲಿ ತನ್ನ 4ನೇ ಆವೃತ್ತಿಯಲ್ಲಿ ಬುಕ್‌ಮಾರ್ಕ್ ಸಿಂಕ್ ಸೌಲಭ್ಯವನ್ನು ಸಾಮಾನ್ಯ ಬಳಕೆದಾರರಿಗೆ ಒದಗಿಸಿತು.

ಬೀಗ ಎರಡು ಬಗೆ

ಮಾಹಿತಿಯನ್ನು ಬೇರೆಯವರು ಓದಲಾಗದಂತೆ ಮಾರ್ಪಡಿಸುವ ಕ್ರಮಕ್ಕೆ ಗೂಢಲಿಪೀಕರಣ ಎನ್ನುತ್ತಾರೆ. ಪ್ರಮುಖ ಸಂಸ್ಥೆಗಳೆಲ್ಲವೂ ತಮ್ಮ ಸಿಂಕ್ ಸೇವೆಯಲ್ಲಿ ಇದನ್ನು ಬಳಸುತ್ತವೆ. ಆದರೆ ಬಳಸುವ ರೀತಿಯಲ್ಲಿ ಅಂತರವಿದೆ.

ಮೊದಲ ರೀತಿಯಲ್ಲಿ ಮಾಹಿತಿ ದಾರಿಯಲ್ಲಿ ಸುರಕ್ಷಿತವಾಗಿರುತ್ತದೆ, ಸರ್ವರ್‌ನಲ್ಲಿಯೂ ಗೂಢಲಿಪಿಯಲ್ಲಿರುತ್ತದೆ. ಆದರೆ ಅದನ್ನು ಬಿಡಿಸುವ ಕೀಲಿ ಸಂಸ್ಥೆಯ ಬಳಿಯೇ ಇರುತ್ತದೆ. ಪೆಟ್ಟಿಗೆಗೆ ಬೀಗ ಹಾಕಿ, ಬೀಗದ ಕೈಯನ್ನೂ ಪೆಟ್ಟಿಗೆ ಕಾಯುವವರ ಬಳಿಯೇ ಬಿಟ್ಟು ಬಂದಂತೆ. ಕಾಯುವವರು ಪ್ರಾಮಾಣಿಕರಾಗಿದ್ದರೂ ಅವರಲ್ಲಿ ಕಳ್ಳತನವಾಗಬಹುದು, ಸರ್ಕಾರದಿಂದ ಆದೇಶ ಬರಬಹುದು. ಎರಡನೆಯ ರೀತಿಯಲ್ಲಿ ಕೀಲಿ ಸಿದ್ಧವಾಗುವುದೂ ಉಳಿಯುವುದೂ ಬಳಕೆದಾರರ ಸಾಧನಗಳಲ್ಲೇ. ಸರ್ವರ್‌ಗೆ ತಲುಪುವುದು ಅರ್ಥವಾಗದ ಅಕ್ಷರರಾಶಿ ಮಾತ್ರ. ಇದನ್ನು ‘ಎಂಡ್-ಟು-ಎಂಡ್’ ಗೂಢಲಿಪೀಕರಣ ಎಂದು ಕರೆಯಲಾಗುತ್ತದೆ.

ಫೈರ್‌ಫಾಕ್ಸ್‌ನ ಅನುಭವ

ಎರಡನೆಯ ರೀತಿ ಸುರಕ್ಷಿತವಾದರೆ ಎಲ್ಲರೂ ಅದನ್ನೇ ಏಕೆ ಅನುಸರಿಸುವುದಿಲ್ಲ ಎಂಬುದಕ್ಕೆ ಫೈರ್‌ಫಾಕ್ಸ್‌ನ ಇತಿಹಾಸದಲ್ಲಿ ಉತ್ತರವಿದೆ. 2011ರ ವ್ಯವಸ್ಥೆಯಲ್ಲಿ ಖಾತೆಯ ಪಾಸ್‌ವರ್ಡ್ ಜೊತೆಗೆ 26 ಅಕ್ಷರಗಳ ಪ್ರತ್ಯೇಕ ಕೀಲಿಯೊಂದಿತ್ತು. ಹೊಸ ಸಾಧನ ಸೇರಿಸಲು ಹಳೆಯ ಸಾಧನ ಕೈಯಲ್ಲಿರಬೇಕಿತ್ತು, ಇಲ್ಲವೇ ಆ ಕೀಲಿಯನ್ನು ಬರೆದಿಟ್ಟಿರಬೇಕಿತ್ತು. ಭದ್ರತೆಯ ದೃಷ್ಟಿಯಿಂದ ಇದು ಬಲವಾದದ್ದು. ಆದರೆ ಒಂದೇ ಗಣಕ ಹೊಂದಿದ್ದು, ಅದು ಕೆಟ್ಟ ಮೇಲೆ ಪಾಸ್‌ವರ್ಡ್ ಒಂದರಿಂದಲೇ ಎಲ್ಲವೂ ಮರಳಿ ಸಿಗುತ್ತದೆ ಎಂದು ನಂಬಿದ್ದವರಿಗೆ ನಿರಾಶೆಯಾಯಿತು.

ಆದ್ದರಿಂದ 2014ರ ಏಪ್ರಿಲ್‌ನಲ್ಲಿ ಬಂದ 29ನೇ ಆವೃತ್ತಿಯಿಂದ ಪಾಸ್‌ವರ್ಡ್ ಆಧಾರಿತ ಹೊಸ ಪದ್ಧತಿ ಜಾರಿಗೆ ಬಂದಿತು. ಇದರಲ್ಲಿ ಬಳಕೆದಾರರು ಟೈಪ್ ಮಾಡಿದ ಪಾಸ್‌ವರ್ಡ್ ನೇರವಾಗಿ ಸರ್ವರ್‌ಗೆ ಹೋಗುವುದಿಲ್ಲ. ಬ್ರೌಸರ್ ಅದನ್ನು ಸಾಧನದಲ್ಲೇ ಗಣಿತದ ಕ್ರಿಯೆಗಳಿಗೆ ಒಳಪಡಿಸಿ ಎರಡು ಬೇರೆ ಬೇರೆ ಮೌಲ್ಯಗಳನ್ನು ಪಡೆಯುತ್ತದೆ. ಒಂದನ್ನು ಗುರುತಿನ ಚೀಟಿಯಂತೆ ಸರ್ವರ್‌ಗೆ ತೋರಿಸುತ್ತದೆ. ಇನ್ನೊಂದನ್ನು ಸಾಧನದಲ್ಲೇ ಉಳಿಸಿಕೊಂಡು ಮಾಹಿತಿಯ ಕೀಲಿಯನ್ನು ಬಿಡಿಸಲು ಬಳಸುತ್ತದೆ. ಮೊದಲನೆಯದನ್ನು ಕಂಡವರು ಅದರಿಂದ ಎರಡನೆಯದನ್ನು ಲೆಕ್ಕ ಹಾಕಲಾರರು.

ಇದರಿಂದ ಎರಡು ಪರಿಣಾಮಗಳು ಉಂಟಾಗುತ್ತವೆ. ಪಾಸ್‌ವರ್ಡ್ ದುರ್ಬಲವಾಗಿದ್ದರೆ ಬೀಗವೂ ದುರ್ಬಲವಾಗುತ್ತದೆ. ಪಾಸ್‌ವರ್ಡ್ ಮರೆತು ಹೊಸದನ್ನು ಪಡೆದರೆ ಖಾತೆ ಮರಳಿ ಸಿಗುತ್ತದೆ, ಆದರೆ ಸರ್ವರ್‌ನಲ್ಲಿದ್ದ ಹಳೆಯ ಮಾಹಿತಿಯನ್ನು ಮೊಜಿಲ್ಲಾ ಕೂಡ ಬಿಡಿಸಲಾರದು. ಸಾಧನವೊಂದರಲ್ಲಿ ಪ್ರತಿ ಉಳಿದಿದ್ದರೆ ಮಾತ್ರ ಅದನ್ನು ಮತ್ತೆ ಏರಿಸಬಹುದು. ಈ ತೊಂದರೆಗೆ ಪರಿಹಾರವಾಗಿ 2018ರಲ್ಲಿ ಮರುಪ್ರಾಪ್ತಿ ಕೀಲಿಯ ಸೌಲಭ್ಯ ಬಂದಿತು. ‘ಫೈರ್‌ಫಾಕ್ಸ್ ಖಾತೆ’ಗೆ 2023ರಿಂದ ‘ಮೊಜಿಲ್ಲಾ ಖಾತೆ’ ಎಂಬ ಹೆಸರಿದೆ.

ಇತರ ಬ್ರೌಸರ್‌ಗಳಲ್ಲಿ

ಕ್ರೋಮ್‌ನಲ್ಲಿ ಬಳಕೆದಾರರು ತಾವಾಗಿ ಏನನ್ನೂ ಬದಲಿಸದಿದ್ದರೆ ಕೀಲಿಯ ಹೊಣೆ ಗೂಗಲ್‌ನದಾಗಿರುತ್ತದೆ. ಸಿಂಕ್ ಸೆಟ್ಟಿಂಗ್‌ನಲ್ಲಿ ಸ್ವಂತ ‘ಪಾಸ್‌ಫ್ರೇಸ್’ ಅಂದರೆ ಗುಪ್ತವಾಕ್ಯ ಹೊಂದಿಸಿದರೆ ಸಿಂಕ್ ಆದ ಮಾಹಿತಿಯನ್ನು ಗೂಗಲ್ ಓದಲಾಗದು. ಆದರೆ ಗೂಗಲ್ ಪೇಯಲ್ಲಿರುವ ಪಾವತಿ ವಿವರ ಮತ್ತು ವಿಳಾಸಗಳು ಈ ರಕ್ಷಣೆಯಿಂದ ಹೊರಗುಳಿಯುತ್ತವೆ. ಗುಪ್ತವಾಕ್ಯ ಮರೆತರೆ ಸರ್ವರ್‌ನಲ್ಲಿರುವ ಪ್ರತಿಯನ್ನು ಅಳಿಸಿ ಹೊಸದಾಗಿ ಆರಂಭಿಸುವುದೊಂದೇ ದಾರಿ. ಪಾಸ್‌ವರ್ಡ್‌ಗಳಿಗೆ ಮಾತ್ರ ಅನ್ವಯಿಸುವ, ಸಾಧನದಲ್ಲೇ ಗೂಢಲಿಪೀಕರಿಸುವ ಪ್ರತ್ಯೇಕ ಆಯ್ಕೆಯೂ ಉಂಟು.

ಆಪಲ್‌ನ ಸಫಾರಿಯಲ್ಲಿ ಪಾಸ್‌ವರ್ಡ್, ಇತಿಹಾಸ ಮತ್ತು ಟ್ಯಾಬ್‌ಗಳಿಗೆ ಎಂಡ್-ಟು-ಎಂಡ್ ರಕ್ಷಣೆ ಇದೆ. ಬುಕ್‌ಮಾರ್ಕ್‌ಗಳಿಗೆ ಅದು ದೊರೆಯಬೇಕಾದರೆ 2022ರ ಡಿಸೆಂಬರ್‌ನಲ್ಲಿ ಪ್ರಕಟವಾದ ‘ಅಡ್ವಾನ್ಸ್ಡ್ ಡೇಟಾ ಪ್ರೊಟೆಕ್ಷನ್’ ಆಯ್ಕೆಯನ್ನು ಬಳಕೆದಾರರೇ ಸಕ್ರಿಯಗೊಳಿಸಬೇಕು. ಬ್ರಿಟನ್‌ನಲ್ಲಿ 2025ರ ಫೆಬ್ರವರಿಯಲ್ಲಿ ಆಪಲ್ ಈ ಆಯ್ಕೆಯನ್ನು ಹೊಸ ಬಳಕೆದಾರರಿಗೆ ನಿಲ್ಲಿಸಿತು. ಬಳಕೆದಾರರ ಮಾಹಿತಿ ತನಗೂ ಲಭ್ಯವಾಗಬೇಕೆಂಬ ಅಲ್ಲಿನ ಸರ್ಕಾರದ ಬೇಡಿಕೆ ಇದರ ಹಿಂದಿತ್ತು. ಕೀಲಿ ಯಾರ ಬಳಿ ಇರಬೇಕೆಂಬುದು ಕೇವಲ ತಾಂತ್ರಿಕ ವಿಷಯವಲ್ಲ ಎಂಬುದಕ್ಕೆ ಇದು ನಿದರ್ಶನ. ಬ್ರೇವ್ ಬ್ರೌಸರ್‌ನಲ್ಲಿ ಸಿಂಕ್‌ಗೆ ಖಾತೆಯೇ ಬೇಕಿಲ್ಲ. ಸಾಧನವೇ ಸೃಷ್ಟಿಸುವ ಪದಗಳ ಸರಣಿಯೊಂದು ಕೀಲಿಯ ಕೆಲಸ ಮಾಡುತ್ತದೆ.

ಪಾಠ ಕಲಿಸಿದ ಪ್ರಕರಣಗಳು

2016ರ ಆಗಸ್ಟ್‌ನಲ್ಲಿ ಒಪೇರಾ ಸಂಸ್ಥೆಯ ಸಿಂಕ್ ಸರ್ವರ್‌ಗೆ ಕನ್ನ ಹಾಕಲಾಯಿತು. ಆಗ ಆ ಸೇವೆಗೆ ತಿಂಗಳಿಗೆ ಸುಮಾರು 17 ಲಕ್ಷ ಸಕ್ರಿಯ ಬಳಕೆದಾರರಿದ್ದರು. ಪಾಸ್‌ವರ್ಡ್‌ಗಳು ಗೂಢಲಿಪಿಯಲ್ಲಿದ್ದರೂ ಸಂಸ್ಥೆಯು ಎಲ್ಲ ಸಿಂಕ್ ಖಾತೆಗಳ ಪಾಸ್‌ವರ್ಡ್‌ಗಳನ್ನು ರದ್ದುಪಡಿಸಿತು. ಸಿಂಕ್‌ನಲ್ಲಿ ಉಳಿಸಿದ್ದ ಇತರ ಜಾಲತಾಣಗಳ ಪಾಸ್‌ವರ್ಡ್‌ಗಳನ್ನೂ ಬದಲಿಸುವಂತೆ ಬಳಕೆದಾರರಿಗೆ ಸಲಹೆ ನೀಡಿತು.

2022ರಲ್ಲಿ ಸಿಸ್ಕೊ ಸಂಸ್ಥೆಯ ಜಾಲಕ್ಕೆ ನುಗ್ಗಿದವರು ಸಂಸ್ಥೆಯ ಸರ್ವರ್ ಅನ್ನು ಮೊದಲು ಮುಟ್ಟಲಿಲ್ಲ. ಅವರು ವಶಪಡಿಸಿಕೊಂಡದ್ದು ಉದ್ಯೋಗಿಯೊಬ್ಬರ ವೈಯಕ್ತಿಕ ಗೂಗಲ್ ಖಾತೆಯನ್ನು. ಕ್ರೋಮ್ ಸಿಂಕ್ ಮೂಲಕ ಕಚೇರಿಯ ಪಾಸ್‌ವರ್ಡ್ ಆ ಖಾತೆಯಲ್ಲಿ ಸೇರಿಕೊಂಡಿತ್ತು. ಬಳಿಕ ಮೋಸದ ದೂರವಾಣಿ ಕರೆ ಮಾಡಿ, ಮೊಬೈಲ್‌ಗೆ ಅನುಮತಿ ಕೋರಿಕೆಗಳನ್ನು ಮೇಲಿಂದ ಮೇಲೆ ಕಳುಹಿಸಿ ಎರಡನೆಯ ಹಂತದ ಪರಿಶೀಲನೆಯನ್ನೂ ದಾಟಿದರು. 2023ರಲ್ಲಿ ಆಕ್ಟಾ ಸಂಸ್ಥೆಯಲ್ಲೂ ಇದೇ ಬಗೆಯ ಘಟನೆ ನಡೆಯಿತು. ಉದ್ಯೋಗಿಯೊಬ್ಬರು ಕಚೇರಿಯ ಲ್ಯಾಪ್‌ಟಾಪ್‌ನ ಕ್ರೋಮ್‌ನಲ್ಲಿ ವೈಯಕ್ತಿಕ ಖಾತೆ ತೆರೆದಿದ್ದರಿಂದ ಗ್ರಾಹಕ ಬೆಂಬಲ ವ್ಯವಸ್ಥೆಯ ಪಾಸ್‌ವರ್ಡ್ ಅಲ್ಲಿ ಉಳಿದಿತ್ತು. ಆ ಪ್ರಕರಣದಲ್ಲಿ 134 ಗ್ರಾಹಕ ಸಂಸ್ಥೆಗಳ ಕಡತಗಳು ಅನ್ಯರ ಕೈ ಸೇರಿದವು.

ಕೊನೆಯ ಎರಡು ಪ್ರಕರಣಗಳಲ್ಲಿ ಯಾರೂ ಗೂಢಲಿಪಿಯನ್ನು ಭೇದಿಸಲಿಲ್ಲ. ಖಾತೆಯ ಒಡೆಯರಂತೆ ಒಳಬಂದವರಿಗೆ ಸಿಂಕ್ ತಾನಾಗಿಯೇ ಎಲ್ಲವನ್ನೂ ಒಪ್ಪಿಸಬಲ್ಲದು. ಹಲವು ಬೀಗಗಳಿಗೆ ಒಂದೇ ಕೈ ಮಾಡಿಸಿಕೊಂಡ ಮೇಲೆ ಆ ಒಂದನ್ನು ಜೋಪಾನ ಮಾಡುವ ಹೊಣೆ ಹೆಚ್ಚುತ್ತದೆ.

ಸಿಂಕ್ ಎಂದರೆ ಬ್ಯಾಕಪ್ ಅಲ್ಲ

ಸಿಂಕ್‌ನ ಕೆಲಸ ಎಲ್ಲ ಸಾಧನಗಳನ್ನು ಒಂದೇ ಸ್ಥಿತಿಯಲ್ಲಿಡುವುದು. ಒಂದು ಸಾಧನದಲ್ಲಿ ಬುಕ್‌ಮಾರ್ಕ್‌ಗಳ ಕಡತಕೋಶವನ್ನು ಅಕಸ್ಮಾತ್ತಾಗಿ ಅಳಿಸಿದರೆ ಉಳಿದ ಸಾಧನಗಳಲ್ಲೂ ಅದು ಅಳಿಯುತ್ತದೆ. ಆದ್ದರಿಂದ ಆಗಾಗ ಬುಕ್‌ಮಾರ್ಕ್‌ಗಳನ್ನು ‘ಎಕ್ಸ್‌ಪೋರ್ಟ್’ ಆಯ್ಕೆಯಿಂದ ಪ್ರತ್ಯೇಕ ಕಡತವಾಗಿ ಉಳಿಸಿಕೊಳ್ಳುವುದು ಒಳಿತು. ಪಾಸ್‌ವರ್ಡ್‌ಗಳನ್ನು ಹೀಗೆ ಹೊರತೆಗೆದರೆ ಕಡತದಲ್ಲಿ ಅವು ಯಾರೂ ಓದುವಂತೆ ಬಯಲಾಗಿರುತ್ತವೆ ಎಂಬುದನ್ನು ಮರೆಯಬಾರದು.

ಬಳಕೆದಾರರು ಗಮನಿಸಬೇಕಾದ ಅಂಶಗಳು

1. ಸಿಂಕ್ ಖಾತೆಗೆ ಬೇರೆಲ್ಲೂ ಬಳಸದ, ಉದ್ದವಾದ ಪಾಸ್‌ವರ್ಡ್ ಇರಲಿ. ಎರಡು ಹಂತದ ಪರಿಶೀಲನೆಯನ್ನು ಸಕ್ರಿಯಗೊಳಿಸಿ. ನೀವು ಲಾಗಿನ್ ಆಗದಿರುವಾಗ ಮೊಬೈಲ್‌ಗೆ ಬರುವ ಅನುಮತಿ ಕೋರಿಕೆಗೆ ಎಂದೂ ಸಮ್ಮತಿಸಬೇಡಿ.

2. ಗುಪ್ತವಾಕ್ಯ ಅಥವಾ ಮರುಪ್ರಾಪ್ತಿ ಕೀಲಿಯನ್ನು ಕಾಗದದಲ್ಲಿ ಬರೆದು ಮನೆಯ ಮುಖ್ಯ ದಾಖಲೆಗಳೊಡನೆ ಇಡಿ. ಅದೇ ಸಾಧನದಲ್ಲಿ ಅಥವಾ ಇ-ಮೇಲ್‌ನಲ್ಲಿ ಇಡುವುದರಿಂದ ಪ್ರಯೋಜನವಿಲ್ಲ.

3. ಎಲ್ಲವನ್ನೂ ಸಿಂಕ್ ಮಾಡಲೇಬೇಕೆಂದಿಲ್ಲ. ಬುಕ್‌ಮಾರ್ಕ್‌ಗಳಷ್ಟೇ ಸಾಕಾಗಿದ್ದರೆ ಇತಿಹಾಸ ಮತ್ತು ಕಾರ್ಡ್ ವಿವರಗಳ ಆಯ್ಕೆಯನ್ನು ತೆಗೆದುಹಾಕಿ.

4. ಕಚೇರಿಯ ಗಣಕದಲ್ಲಿ ವೈಯಕ್ತಿಕ ಖಾತೆಯಿಂದ ಬ್ರೌಸರ್‌ಗೆ ಲಾಗಿನ್ ಆಗಬೇಡಿ. ಕಚೇರಿಯ ಪಾಸ್‌ವರ್ಡ್ ಮನೆಗೆ, ಮನೆಯ ಇತಿಹಾಸ ಕಚೇರಿಗೆ ಸಾಗುವುದು ಎರಡೂ ಅಪಾಯಕಾರಿ.

5. ಸೈಬರ್ ಕೇಂದ್ರದಲ್ಲಾಗಲಿ, ಸ್ನೇಹಿತರ ಗಣಕದಲ್ಲಾಗಲಿ ಸಿಂಕ್ ಆರಂಭಿಸಬಾರದು. ಅಗತ್ಯವಿದ್ದರೆ ಅತಿಥಿ ಕಿಟಕಿ ಬಳಸಿ, ಮುಗಿದ ಮೇಲೆ ಮುಚ್ಚಿ. ತಪ್ಪಿ ಸಿಂಕ್ ಮಾಡಿದ್ದರೆ ಲಾಗ್‌ಔಟ್ ಆಗುವುದಷ್ಟೇ ಸಾಲದು. ಆ ಗಣಕದಲ್ಲಿ ಉಳಿದ ಮಾಹಿತಿಯನ್ನೂ ಅಳಿಸಬೇಕು.

6. ಮನೆಮಂದಿಯೆಲ್ಲ ಒಂದೇ ಗಣಕ ಬಳಸುವುದಾದರೆ ಪ್ರತಿಯೊಬ್ಬರಿಗೂ ಪ್ರತ್ಯೇಕ ಬಳಕೆದಾರ ಖಾತೆ ಮಾಡಿಕೊಡಿ. ಮೊಬೈಲ್ ಮತ್ತು ಲ್ಯಾಪ್‌ಟಾಪ್‌ಗೆ ಪರದೆಯ ಬೀಗ ಕಡ್ಡಾಯವಾಗಿರಲಿ. ಸರ್ವರ್‌ನಲ್ಲಿ ಎಷ್ಟೇ ಭದ್ರತೆ ಇದ್ದರೂ ತೆರೆದಿಟ್ಟ ಸಾಧನದ ಮುಂದೆ ಕುಳಿತವರಿಗೆ ಅಥವಾ ಸಾಧನದೊಳಗೆ ಸೇರಿದ ಕುತಂತ್ರಾಂಶಕ್ಕೆ ಅದು ಅಡ್ಡಿಯಾಗದು.

7. ಮೊಬೈಲ್ ಕಳೆದರೆ ಬೇರೊಂದು ಸಾಧನದಿಂದ ಖಾತೆಯ ಸಾಧನಗಳ ಪಟ್ಟಿ ತೆರೆದು ಅದನ್ನು ತೆಗೆದುಹಾಕಿ. ಹಾಗೆ ಮಾಡಿದರೂ ಅದರಲ್ಲಿ ಈಗಾಗಲೇ ಇಳಿದ ಮಾಹಿತಿ ಅಳಿಯುತ್ತದೆಂಬ ಖಾತರಿ ಇಲ್ಲ. ಆದ್ದರಿಂದ ಮೊದಲು ಇ-ಮೇಲ್, ನಂತರ ಬ್ಯಾಂಕ್, ಆಮೇಲೆ ಉಳಿದ ಪಾಸ್‌ವರ್ಡ್‌ಗಳನ್ನು ಬದಲಿಸಿ. ಮಾರುವ ಅಥವಾ ದುರಸ್ತಿಗೆ ಕೊಡುವ ಮುನ್ನವೂ ಖಾತೆಯನ್ನು ತೆಗೆದು ಮಾಹಿತಿ ಅಳಿಸಿ. ಹಣ ಕಳೆದುಕೊಂಡಿದ್ದರೆ ತಡಮಾಡದೆ ರಾಷ್ಟ್ರೀಯ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು.

ಯಾವುದನ್ನು ಆರಿಸಬೇಕು?

ಕೀಲಿಯನ್ನು ಸಂಸ್ಥೆಯ ಬಳಿ ಬಿಟ್ಟರೆ ಮರೆವಿಗೆ ಪರಿಹಾರವುಂಟು, ಗೋಪ್ಯತೆಗೆ ಖಾತರಿ ಇಲ್ಲ. ತಮ್ಮ ಬಳಿಯೇ ಇಟ್ಟುಕೊಂಡರೆ ಗೋಪ್ಯತೆ ಉಂಟು, ಮರೆವಿಗೆ ಪರಿಹಾರವಿಲ್ಲ. ಪಾಸ್‌ವರ್ಡ್ ಪದೇ ಪದೇ ಮರೆಯುವ ಹಿರಿಯರಿಗೆ ಮೊದಲನೆಯದೇ ಸೂಕ್ತವೆನಿಸಬಹುದು. ಪತ್ರಕರ್ತರು, ವಕೀಲರು, ವೈದ್ಯರು ಮುಂತಾಗಿ ಇತರರ ಗುಟ್ಟನ್ನು ಕಾಪಾಡಬೇಕಾದವರಿಗೆ ಎರಡನೆಯದೇ ಸರಿ. ಎರಡರಲ್ಲಿ ಯಾವುದಾದರೂ ಅದು ತಿಳಿದು ಮಾಡಿದ ಆಯ್ಕೆಯಾಗಿರಬೇಕು. ಬ್ರೌಸರ್‌ನ ಸೆಟ್ಟಿಂಗ್ ಪುಟದಲ್ಲಿ ಸಿಂಕ್ ವಿಭಾಗವನ್ನು ತೆರೆದು, ಏನೇನು ಸಾಗುತ್ತಿದೆ, ಯಾವ ಯಾವ ಸಾಧನಗಳು ಸೇರಿವೆ ಎಂದು ನೋಡಲು ಐದು ನಿಮಿಷ ಸಾಕು. ಗುರುತು ಸಿಗದ ಸಾಧನವೊಂದು ಆ ಪಟ್ಟಿಯಲ್ಲಿದ್ದರೆ ಅದನ್ನು ಕೂಡಲೇ ತೆಗೆದುಹಾಕಿ, ಪಾಸ್‌ವರ್ಡ್ ಬದಲಿಸುವುದು ಮೊದಲ ಕೆಲಸವಾಗಲಿ.