ಯಾರ ಚೀಟಿಯೂ ಬೇಡದ ಬಾಗಿಲು



ಶನಿವಾರದ ಕಾರ್ಯಕ್ರಮ ಮುಗಿಸಿ ಹೆಡ್‌ಫೋನ್ ಕೆಳಗಿಟ್ಟಿದ್ದೆ ಅಷ್ಟೆ, ಸ್ಟುಡಿಯೋದ ಫೋನು ಬಡಿದುಕೊಂಡಿತು. ಹಾಡಿನ ಕೋರಿಕೆ ಇರಬೇಕೆಂದು ಎತ್ತಿದೆ. ಅತ್ತ ಕಡೆಯಿಂದ ವಿಜಯಪುರದ ಮಾತು, ಹೆಣ್ಣು ದನಿ. ಇಪ್ಪತ್ತು ವರ್ಷದಿಂದ ಮಾಜಿವಾಡಾದಲ್ಲಿ ಮನೆ. "ಅಕ್ಕಾರ, ಹಾಡು ಬ್ಯಾಡ್ರಿ. ಒಂದು ಮಾತು ಕೇಳಬೇಕಾಗಿತ್ತು" ಅಂದರು. ಅವರ ಯಜಮಾನರು ಎರಡು ತಿಂಗಳಿಂದ ರಾತ್ರಿ ಮಲಗುತ್ತಿಲ್ಲ, ಕೆಲಸಕ್ಕೆ ಹೋಗುತ್ತಿಲ್ಲ, ಮನೆಯವರೊಂದಿಗೆ ಮಾತೂ ಇಲ್ಲ. "ಡಾಕ್ಟರ್ ಕಡೆ ಹೋದ್ರ ಥಾಣೆಕ್ಕ ಹಾಕ್ತಾರಂತ ಓಣ್ಯಾಗ ಹೇಳ್ತಾರ. ಅದಕ್ಕಿಂತ ಮೊದಲ ಯಾರ ಜೋಡಿನಾರ ಕನ್ನಡದಾಗ ಮಾತಾಡಾಕ ಬರತೈತೇನ್ರಿ?"

ನೋಡಿ, ಮಾಜಿವಾಡಾ ಇರುವುದೇ ಥಾಣೆಯಲ್ಲಿ. ಘೋಡಬಂದರ್ ರಸ್ತೆ ಹೆದ್ದಾರಿಯನ್ನು ಕೂಡುವ ಆ ನಾಕಾ ನಮ್ಮ ಎಷ್ಟೋ ಕೇಳುಗರಿಗೆ ದಿನನಿತ್ಯದ ದಾರಿ. ಥಾಣೆಯಲ್ಲೇ ಬಾಳು ಕಟ್ಟಿಕೊಂಡವರಿಗೆ 'ಥಾಣೆಗೆ ಹಾಕುತ್ತಾರೆ' ಎಂಬ ಭಯ! ಈ ಭಯ ಎಲ್ಲಿಂದ ಬಂತು, ಇಂದಿಗೂ ಅದಕ್ಕೆ ಆಧಾರ ಇದೆಯೇ ಎಂದು ಹುಡುಕುತ್ತಾ ಹೋದಾಗ ಸಿಕ್ಕ ಕಥೆಯನ್ನು ಈ ಸಂಚಿಕೆಯಲ್ಲಿ ನಿಮ್ಮ ಮುಂದಿಡುತ್ತಿದ್ದೇನೆ.

ಥಾಣೆಯ ಮಾನಸಿಕ ಆಸ್ಪತ್ರೆ ಶುರುವಾದದ್ದು 1901ರಲ್ಲಿ. ಮುಂಬಯಿಯ ಕೊಲಾಬಾದಲ್ಲಿ ಅದಕ್ಕೂ ಹಿಂದೆಯೇ ಅಂಥದೊಂದು ಆಸ್ಪತ್ರೆ ಇತ್ತು. ಮರಾಠಿ ಮನೆಗಳಲ್ಲಿ ಯಾರಾದರೂ ವಿಚಿತ್ರವಾಗಿ ಆಡಿದರೆ 'ಇವನನ್ನು ಠಾಣ್ಯಾಕ್ಕೆ ಕಳಿಸಿ' ಎಂದು ನಗೆಯಾಡುವ ರೂಢಿ ಬೆಳೆಯಿತು. ನಾವೇನೂ ಕಡಿಮೆಯಿಲ್ಲ. ಉತ್ತರ ಕರ್ನಾಟಕದವರು 'ಧಾರವಾಡಕ್ಕೆ ಕಳಿಸಬೇಕು' ಅನ್ನುತ್ತಾರೆ, ಬೆಂಗಳೂರಿನವರು 'ನಿಮ್ಹಾನ್ಸ್‌ಗೆ ಸೇರಿಸಬೇಕು' ಅನ್ನುತ್ತಾರೆ. ವಿದ್ಯೆಗೂ ಸಂಗೀತಕ್ಕೂ ಹೆಸರಾದ ಧಾರವಾಡ ಹೀಗೆ ಬೈಗುಳವೂ ಆಯಿತು. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆ ಆಗುವವರೆಗೆ ಧಾರವಾಡವೂ ಥಾಣೆಯೂ ಒಂದೇ ಮುಂಬಯಿ ಸರಕಾರದ ಕೈಕೆಳಗಿದ್ದವು. ಎರಡೂ ಕಡೆ ನಡೆಯುತ್ತಿದ್ದದ್ದು ಒಂದೇ ಕಾನೂನು.

ಆ ಕಾನೂನಿನ ಹೆಸರೇ ಇಂಡಿಯನ್ ಲೂನಸಿ ಆ್ಯಕ್ಟ್, 1912. ಅದರ ಪ್ರಕಾರ ಮನಸ್ಸು ಕೆಟ್ಟವರನ್ನು ಆಸ್ಪತ್ರೆಗೆ ಸೇರಿಸಬೇಕಾದರೆ ಗಂಡನೋ ಹೆಂಡತಿಯೋ ಬಂಧುವೋ ಮ್ಯಾಜಿಸ್ಟ್ರೇಟರಿಗೆ ಅರ್ಜಿ ಕೊಡಬೇಕಿತ್ತು. ಅರ್ಜಿಯ ಜೊತೆ ವೈದ್ಯರ ಎರಡು ಸರ್ಟಿಫಿಕೇಟು ಬೇಕು. ಮ್ಯಾಜಿಸ್ಟ್ರೇಟರು ಒಪ್ಪಿ ಹುಕುಂ ಕೊಟ್ಟರೆ ಮಾತ್ರ ಗೇಟು ತೆರೆಯುವುದು. ಬೀದಿಯಲ್ಲಿ ಅಲೆಯುತ್ತಿದ್ದವರನ್ನು ಪೊಲೀಸರೇ ಹಿಡಿದು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸುತ್ತಿದ್ದರು. ತಾನಾಗಿಯೇ ಬಂದು 'ನನಗೆ ಚಿಕಿತ್ಸೆ ಬೇಕು' ಅನ್ನುವವರಿಗೆ ಕಾನೂನಿನಲ್ಲಿ ಒಂದು ಸಣ್ಣ ಕಿಂಡಿ ಇತ್ತು. ಆದರೆ ಅದಕ್ಕೂ ಆಸ್ಪತ್ರೆಯ ಮೇಲ್ವಿಚಾರಣೆಗೆಂದು ನೇಮಕವಾದ ಇಬ್ಬರು ಸಂದರ್ಶಕರ ಒಪ್ಪಿಗೆ ಬೇಕಾಗಿತ್ತು. ದೇವರು ವರ ಕೊಟ್ಟರೂ ಪೂಜಾರಿ ವರ ಕೊಡ ಎಂಬ ಗಾದೆ ಇಲ್ಲಿ ಅಕ್ಷರಶಃ ನಿಜ. ವೈದ್ಯರು, ಪೊಲೀಸರು, ಮ್ಯಾಜಿಸ್ಟ್ರೇಟರು ಸೇರಿ ಒಬ್ಬನನ್ನು ಒಳಗೆ ಕಳಿಸುವ ಜಾಗ ಅದು. ಒಳಗೆ ಹೋದವನು ಹೊರಗೆ ಬರುವುದೂ ಅವನ ಕೈಯಲ್ಲಿ ಇರಲಿಲ್ಲ. ನಮ್ಮ ಓಣಿಯ ಭಯ ಹುಟ್ಟಿದ್ದು ಇಲ್ಲಿ. ನಮ್ಮ ಅಜ್ಜ ಅಜ್ಜಿಯರು ಸುಳ್ಳು ಹೇಳಲಿಲ್ಲ, ಅವರು ಕಂಡದ್ದನ್ನೇ ಹೇಳಿದರು.

ಈ ಕಾನೂನು ಎಷ್ಟು ಕಾಲ ಬಾಳಿತು ಗೊತ್ತೇ? ಸ್ವಾತಂತ್ರ್ಯ ಬಂತು, ಸಂವಿಧಾನ ಬಂತು, ಅದು ಮಾತ್ರ ಕದಲಲಿಲ್ಲ. ಅದರ ಜಾಗಕ್ಕೆ ಬಂದ ಮಾನಸಿಕ ಆರೋಗ್ಯ ಕಾಯ್ದೆಗೆ 1987ರಲ್ಲಿ ಅಂಗೀಕಾರ ಸಿಕ್ಕಿದರೂ ಅದು ಜಾರಿಗೆ ಬಂದದ್ದು 1993ರಲ್ಲಿ. ಅಂದರೆ 81 ವರ್ಷ!

ಕಾನೂನು ನಿದ್ದೆ ಮಾಡುತ್ತಿದ್ದಾಗ ಎದ್ದು ಕೆಲಸ ಮಾಡಿದ್ದು ನಮ್ಮ ಕನ್ನಡ ನಾಡು ಎಂದು ಹೇಳಿಕೊಳ್ಳಲು ಹೆಮ್ಮೆಯೆನಿಸುತ್ತದೆ. ಬೆಂಗಳೂರಿನ ಹಳೆಯ ಮಾನಸಿಕ ಆಸ್ಪತ್ರೆಯ ಜೊತೆಗೆ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಆರಂಭವಾಯಿತು. 1974ರಲ್ಲಿ ಎರಡೂ ಸೇರಿ ನಿಮ್ಹಾನ್ಸ್ ಆಯಿತು. ಅಲ್ಲಿನ ವೈದ್ಯರು ರೋಗಿ ನಮ್ಮ ಬಳಿಗೆ ಬರಲಿ ಎಂದು ಕಾಯುತ್ತ ಕೂರಲಿಲ್ಲ. ಬೆಂಗಳೂರಿನ ಹತ್ತಿರದ ಸಕಲವಾರ ಎಂಬ ಹಳ್ಳಿಯಲ್ಲಿ ಕೇಂದ್ರ ತೆರೆದು, ಹಳ್ಳಿಯ ಆರೋಗ್ಯ ಕಾರ್ಯಕರ್ತರಿಗೇ ಮನೋರೋಗದ ಲಕ್ಷಣ ಗುರುತಿಸುವುದನ್ನು ಕಲಿಸಿದರು. 1985ರಲ್ಲಿ ಅದೇ ಕೆಲಸ ಇಡೀ ಬಳ್ಳಾರಿ ಜಿಲ್ಲೆಗೆ ಹಬ್ಬಿತು. ಮನೆಮನೆಗೆ ಹೋಗುವ ಕಾರ್ಯಕರ್ತೆ, ಪ್ರಾಥಮಿಕ ಆರೋಗ್ಯ ಕೇಂದ್ರದ ಸಾಮಾನ್ಯ ವೈದ್ಯರು, ಅಗತ್ಯದ ಕೆಲವೇ ಮಾತ್ರೆಗಳು: ಇಷ್ಟೇ ಬಂಡವಾಳ. 'ಬಳ್ಳಾರಿ ಮಾದರಿ' ಎಂದು ಹೆಸರಾದ ಇದು 1996ರಿಂದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಗಿ ದೇಶದ ಬೇರೆ ಜಿಲ್ಲೆಗಳಿಗೂ ಹೋಯಿತು. ಹಳ್ಳಿಯ ಹೆಂಗಸಿಗೆ ಮೊದಲು ಎದುರಾಗುವುದು ಕೋಟು ತೊಟ್ಟ ದೊಡ್ಡ ಡಾಕ್ಟರಲ್ಲ, ತನ್ನ ಭಾಷೆಯಲ್ಲೇ 'ಏನವ್ವಾ, ಹೆಂಗಿದ್ದೀ?' ಎನ್ನುವ ಇನ್ನೊಬ್ಬ ಹೆಂಗಸು. ದೊಡ್ಡ ಬದಲಾವಣೆ ಎಂದರೆ ಇದೇ.

ಭಾಷೆಯ ಮಾತು ಬಂದಿತಲ್ಲ, ಕನ್ನಡ ಓದಿದವಳಾಗಿ ಇನ್ನೊಂದು ಮಾತು ಹೇಳಿಬಿಡುತ್ತೇನೆ. ಒಂದು ಕಾಲದಲ್ಲಿ ನಮ್ಮಲ್ಲಿದ್ದ ಪದ 'ಹುಚ್ಚಾಸ್ಪತ್ರೆ'. ನಿಮ್ಹಾನ್ಸ್‌ನಲ್ಲಿದ್ದ ಡಾ. ಸಿ.ಆರ್. ಚಂದ್ರಶೇಖರ್ ಅವರಂಥವರು ಮನಸ್ಸಿನ ಆರೋಗ್ಯದ ಬಗ್ಗೆ ಕನ್ನಡದಲ್ಲಿ ಪುಸ್ತಕದ ಮೇಲೆ ಪುಸ್ತಕ ಬರೆದರು. ವೈದ್ಯರಲ್ಲದ ಸಾಮಾನ್ಯ ಜನರಿಗೂ 'ಆಪ್ತಸಲಹೆ'ಯ ತರಬೇತಿ ಕೊಟ್ಟರು. ಆಪ್ತಸಲಹೆ! ಎಂಥ ಚೆಂದದ ಮಾತು. ಕೌನ್ಸೆಲಿಂಗ್ ಎಂದರೆ ಹೆದರುವ ನಮ್ಮ ಅಮ್ಮಂದಿರು ಆಪ್ತರ ಸಲಹೆಗೆ ಹೆದರುವುದಿಲ್ಲ.

ದೇಹದ ಕಾಯಿಲೆಯ ವಿಷಯದಲ್ಲಿ ಇಂಥ ಬಾಗಿಲುಗಳು ಇದಕ್ಕೂ ಮೊದಲೇ ತೆರೆದುಕೊಂಡಿದ್ದವು. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಅಂಗನವಾಡಿ ಯೋಜನೆ ಆರಂಭವಾಯಿತು. ಆ ಮೊದಲ ಪಟ್ಟಿಯಲ್ಲಿ ಮೈಸೂರು ಜಿಲ್ಲೆಯ ತಿ. ನರಸೀಪುರವೂ ಇತ್ತು, ನಮ್ಮ ಮುಂಬಯಿಯ ಧಾರಾವಿಯೂ ಇತ್ತು. ಮಗುವಿನ ತೂಕ, ಬಸುರಿಯ ಆಹಾರ, ಲಸಿಕೆಯ ಮಾಹಿತಿ ಇವಕ್ಕೆಲ್ಲ ಮೊದಲು ಡಾಕ್ಟರನ್ನು ಕಾಣಬೇಕಾಗಿಲ್ಲ. 2005ರಲ್ಲಿ ಆಶಾ ಕಾರ್ಯಕರ್ತೆಯರು ಬಂದರು. ಎಚ್‌ಐವಿ ಪರೀಕ್ಷೆಗೆ ಸರಕಾರದ ಐಸಿಟಿಸಿ ಕೇಂದ್ರಗಳಲ್ಲಿ ಯಾರ ಚೀಟಿಯೂ ಇಲ್ಲದೆ ತಾವೇ ಹೋಗಬಹುದು. ಮೊದಲು ಸಲಹೆಗಾರರು ಮಾತಾಡುತ್ತಾರೆ, ವಿಷಯ ಗುಟ್ಟಾಗಿರುತ್ತದೆ, ದುಡ್ಡಿಲ್ಲ. ಕಷ್ಟದಲ್ಲಿರುವ ಮಕ್ಕಳಿಗಾಗಿ ಇರುವ 1098 ಸಂಖ್ಯೆಯೂ 1996ರಲ್ಲಿ ಹುಟ್ಟಿದ್ದು ಮುಂಬಯಿಯಲ್ಲೇ.

ಮನಸ್ಸಿನ ಬಾಗಿಲು ಪೂರ್ತಿ ತೆರೆಯಲು ಇನ್ನೂ ಎರಡು ಹೆಜ್ಜೆ ಬೇಕಾಯಿತು. ಮೊದಲನೆಯದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ. 2018ರಲ್ಲಿ ಜಾರಿಗೆ ಬಂದ ಇದು ಸರಕಾರಿ ಮಾನಸಿಕ ಆರೋಗ್ಯ ಸೇವೆ ಪಡೆಯುವುದು ಪ್ರತಿಯೊಬ್ಬರ ಹಕ್ಕು ಎಂದಿತು. ವಯಸ್ಕರು ತಾವೇ ಹೋಗಿ ದಾಖಲಾಗಲು ಕೇಳಬಹುದು. ಹಾಗೆ ದಾಖಲಾದವರಿಗೆ ಅವರ ಒಪ್ಪಿಗೆಯಿಲ್ಲದೆ ಚಿಕಿತ್ಸೆ ಕೊಡುವಂತಿಲ್ಲ. ಹೊರರೋಗಿ ವಿಭಾಗಕ್ಕೆ ಹೋಗಿ ಕೇಸ್ ಪೇಪರ್ ಮಾಡಿಸಿ ಡಾಕ್ಟರೊಂದಿಗೆ ಮಾತಾಡಿ, ಮಾತ್ರೆ ತೆಗೆದುಕೊಂಡು ಮನೆಗೆ ಬಂದು ಊಟ ಮಾಡುವವರೇ ಹೆಚ್ಚು. ಆಸ್ಪತ್ರೆಗೆ ಹೋಗುವುದು ಬೇರೆ, ಆಸ್ಪತ್ರೆಗೆ 'ಹಾಕಿಸಿಕೊಳ್ಳುವುದು' ಬೇರೆ.

ಎರಡನೆಯ ಹೆಜ್ಜೆ ಟೆಲಿ ಮಾನಸ್. 2022ರ ಅಕ್ಟೋಬರ್ 10, ವಿಶ್ವ ಮಾನಸಿಕ ಆರೋಗ್ಯ ದಿನದಂದು ಆರಂಭವಾದ ಈ ದೂರವಾಣಿ ಸೇವೆಗೆ ನಿಮ್ಹಾನ್ಸ್ ಕೇಂದ್ರ ಸಂಸ್ಥೆ. ಸಂಖ್ಯೆ 14416. ದಿನದ 24 ಗಂಟೆಯೂ ಉಚಿತ. ಕನ್ನಡವೂ ಸೇರಿ 20 ಭಾಷೆಗಳಿವೆ. ಕರೆ ಮಾಡಿದವರು ಮೊದಲು ತಮ್ಮ ಭಾಷೆಯನ್ನು ಆರಿಸಿಕೊಳ್ಳಬೇಕು. ಆಮೇಲೆ ಮಾತಿಗೆ ಸಿಗುವವರು ತರಬೇತಿ ಪಡೆದ ಆಪ್ತಸಲಹೆಗಾರರು. ಅವರ ಮಾತಿನಿಂದಲೇ ಸಮಾಧಾನವಾದರೆ ಸರಿ, ಇಲ್ಲವಾದರೆ ತಜ್ಞರಿಗೋ ಹತ್ತಿರದ ಆಸ್ಪತ್ರೆಗೋ ದಾರಿ ತೋರಿಸುತ್ತಾರೆ. 2024ರೊಳಗೆ 10 ಲಕ್ಷಕ್ಕೂ ಹೆಚ್ಚು ಕರೆಗಳು ಬಂದಿದ್ದವು. ಕಾಯಿಲೆಯವರ ಪರವಾಗಿ ಮನೆಯವರೂ ಮಾತಾಡಬಹುದು.

ಇಲ್ಲಿ ಒಂದು ಎಚ್ಚರಿಕೆ ಹೇಳದಿದ್ದರೆ ನನ್ನದೇ ತಪ್ಪಾದೀತು. ಡಾಕ್ಟರಿಗಿಂತ ಮೊದಲು ಎಂದರೆ ಡಾಕ್ಟರೇ ಬೇಡ ಎಂದಲ್ಲ. ಎದೆನೋವು ಬಂದಾಗ, ಪ್ರಜ್ಞೆ ತಪ್ಪಿದಾಗ, ಯಾರಾದರೂ ಜೀವಕ್ಕೆ ಅಪಾಯ ಮಾಡಿಕೊಂಡಾಗ ಸಲಹೆ ಕೇಳುತ್ತ ಕೂರಬಾರದು, 108ಕ್ಕೆ ಕರೆ ಮಾಡಿ ನೇರ ಆಸ್ಪತ್ರೆಗೆ ಹೋಗಬೇಕು. ಆಪ್ತಸಲಹೆ ಹೊಸ್ತಿಲು ಮಾತ್ರ, ಮನೆ ಒಳಗಿದೆ. ಆದರೆ ಹೊಸ್ತಿಲು ದಾಟುವ ಧೈರ್ಯ ಇಲ್ಲದೆ ಎಷ್ಟು ಜನ ವರ್ಷಗಟ್ಟಲೆ ಹೊರಗೇ ನಿಂತಿದ್ದಾರೆ! ಊರು ಬಿಟ್ಟು ಬಂದ ನಮಗಂತೂ ಕಷ್ಟ ಹೇಳಿಕೊಳ್ಳಲು ಭಾಷೆಯೇ ಮೊದಲ ಗೋಡೆ. ತರಕಾರಿ ಕೊಳ್ಳಲು ಸಾಕಾಗುವ ಮರಾಠಿ, ಹಿಂದಿ ಮನಸ್ಸಿನ ನೋವು ಬಿಚ್ಚಿಡಲು ಸಾಕಾಗುವುದಿಲ್ಲ.

ಆ ತಾಯಿಗೆ ಅವತ್ತು ನಾನು ಇಷ್ಟೆಲ್ಲ ಇತಿಹಾಸ ಹೇಳಲಿಲ್ಲ. ಐದು ಅಂಕಿ ಹೇಳಿದೆ, ಅವರು ಎರಡು ಸಲ ಹೇಳಿಸಿಕೊಂಡು ಕ್ಯಾಲೆಂಡರಿನ ಮೇಲೆ ಬರೆದುಕೊಂಡರು. ಮೊದಲು ನೀವೇ ಮಾತಾಡಿ, ಆಮೇಲೆ ಅವರಿಗೆ ಕೊಡಿ ಎಂದೆ.

ತಿಂಗಳ ಮೇಲೆ ಮತ್ತೆ ಅದೇ ದನಿ. ಈ ಸಲ ಹಾಡಿನ ಕೋರಿಕೆಯೇ. ಹಾಡು ಬರೆದುಕೊಂಡು, ಯಜಮಾನರು ಹೇಗಿದ್ದಾರೆ ಎಂದು ಮೆಲ್ಲಗೆ ಕೇಳಿದೆ. "ಫೋನಿನ್ಯಾಗ ಮೂರು ಸಲ ಮಾತಾಡಿದ್ರು. ಆಮ್ಯಾಲೆ ತಾವ ಹೇಳಿದ್ರು, ದವಾಖಾನಿಗೆ ಹೋಗೂಣು ಅಂತ. ಗುಳಿಗಿ ಕೊಟ್ಟಾರ. ಈಗ ನಿದ್ದಿ ಬರತೈತ್ರಿ."

"ಹಾಗಾದರೆ ಥಾಣೆಗೆ ಯಾರೂ ಹಾಕಲಿಲ್ಲ ಅನ್ನಿ" ಎಂದೆ.

ಅವರು ನಕ್ಕರು. "ಯಾರೂ ಹಾಕಲಿಲ್ರಿ ಅಕ್ಕಾರ. ನಾವ ಹೋಗಿ ಬಂದ್ವಿ."