ಕಸ್ಟಮ್ಸ್ ಇಲಾಖೆಯ ಸರ್ಕಾರಿ ವಕೀಲಿಕೆ (ಭಾರತ)

ಬಂದರು, ವಿಮಾನ ನಿಲ್ದಾಣ, ಭೂಗಡಿಗಳಲ್ಲಿ ಸುಂಕ ವಸೂಲು ಮಾಡುವ, ಕಳ್ಳಸಾಗಣೆ ಹಿಡಿಯುವ ಕಸ್ಟಮ್ಸ್ ಇಲಾಖೆಯ ಪರವಾಗಿ ನ್ಯಾಯಾಲಯ ಮತ್ತು ನ್ಯಾಯಮಂಡಳಿಗಳಲ್ಲಿ ವಾದಿಸುವ ವೃತ್ತಿ. ಇದನ್ನು ಒಂದೇ ಹುದ್ದೆಯೆಂಬಂತೆ ವಿವರಿಸುವ ರೂಢಿಯಿದೆ. ಭಾರತದ ಮಟ್ಟಿಗೆ ಅದು ತಪ್ಪು. ಸುಪ್ರೀಂ ಕೋರ್ಟಿನಲ್ಲಿ ಅಡಿಷನಲ್ ಸಾಲಿಸಿಟರ್ ಜನರಲ್ ಮತ್ತು ಪ್ಯಾನೆಲ್ ವಕೀಲರು, ಹೈಕೋರ್ಟಿನಲ್ಲಿ ಸ್ಟ್ಯಾಂಡಿಂಗ್ ಕೌನ್ಸೆಲ್, ಕ್ರಿಮಿನಲ್ ನ್ಯಾಯಾಲಯದಲ್ಲಿ ವಿಶೇಷ ಸರ್ಕಾರಿ ಅಭಿಯೋಜಕರು ಇಲಾಖೆಯ ಪರ ನಿಲ್ಲುತ್ತಾರೆ. ಸುಂಕದ ಮೇಲ್ಮನವಿ ನ್ಯಾಯಮಂಡಳಿಯಾದ ಸೆಸ್ಟ್ಯಾಟ್‌ನಲ್ಲಿ ನಿಲ್ಲುವವರು ಸಾಮಾನ್ಯವಾಗಿ ವಕೀಲರಲ್ಲ, ಇಲಾಖೆಯ ಅಧಿಕಾರಿಗಳೇ. ಅಮೆರಿಕದ ಕಸ್ಟಮ್ಸ್ ಮತ್ತು ಗಡಿ ರಕ್ಷಣಾ ಸಂಸ್ಥೆಗೆ ತನ್ನದೇ ಸಂಬಳದ ವಕೀಲರಿರುವ ಚೀಫ್ ಕೌನ್ಸೆಲ್ ಕಚೇರಿಯಿದೆ. ಇಲ್ಲಿ ಅಂಥ ಕಾಯಂ ವಕೀಲವರ್ಗ ಬೆಳೆಯಲಿಲ್ಲ.

ಈ ವೃತ್ತಿಯ ಚರಿತ್ರೆಯನ್ನು ಕಾಯಿದೆಗಳ ಪಟ್ಟಿಯಾಗಿ ಹೇಳಿ ಮುಗಿಸುವುದುಂಟು. ತೀರ್ಪುಗಳನ್ನು ಓದಿದರೆ ಬೇರೆಯೇ ಸಂಗತಿ ಎದ್ದು ಕಾಣುತ್ತದೆ. ಕಸ್ಟಮ್ಸ್ ಅಧಿಕಾರಿ ಕಾನೂನಿನ ಕಣ್ಣಿಗೆ ನ್ಯಾಯಾಧೀಶನೋ, ಪೊಲೀಸನೋ, ಬರೀ ಕಂದಾಯ ನೌಕರನೋ ಎಂಬ ಪ್ರಶ್ನೆ ಏಳು ದಶಕ ಬಗೆಹರಿಯದೆ ಉಳಿಯಿತು; ಕೋರ್ಟು ಅದಕ್ಕೆ ಕೊಟ್ಟ ಒಂದೊಂದು ಉತ್ತರವೂ ಇಲಾಖೆಯ ವಕೀಲನ ಕೆಲಸವನ್ನು ತಿದ್ದಿತು.

1878ರ ಸಮುದ್ರ ಸುಂಕ ಕಾಯಿದೆಯ ಕಾಲದಲ್ಲಿ ಇಲಾಖೆಗೆ ವಕೀಲರ ಅಗತ್ಯ ಕಡಿಮೆಯಿತ್ತು. ಮಾಲು ಹಿಡಿಯುವವನು, ಮುಟ್ಟುಗೋಲು ಹಾಕುವವನು, ದಂಡ ವಿಧಿಸುವವನು ಎಲ್ಲ ಇಲಾಖೆಯವನೇ. ಮೇಲ್ಮನವಿ ಹೋಗುತ್ತಿದ್ದುದೂ ಮೇಲಿನ ಸುಂಕಾಧಿಕಾರಿಗೆ, ಅದರಾಚೆ ಸರ್ಕಾರಕ್ಕೆ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ ಎಂಬ ಗಾದೆಗೆ ಈ ಕಾಯಿದೆ ಶಾಸನರೂಪವೇ ಆಗಿತ್ತು. ಮದ್ರಾಸ್ ಪ್ರಾಂತ್ಯದ ಮಾಸ್ಕ್ ಅಂಡ್ ಕಂಪನಿ ಆಮದು ಅಡಿಕೆಯ ಸುಂಕದ ತಕರಾರನ್ನು ಸಿವಿಲ್ ಕೋರ್ಟಿಗೆ ಒಯ್ದಾಗ, ಇಲಾಖೆಯೊಳಗಿನ ಮೇಲ್ಮನವಿಯ ಆದೇಶವೇ ಅಂತಿಮ ಎಂದು 1940ರಲ್ಲಿ ಪ್ರಿವಿ ಕೌನ್ಸಿಲ್ ಹೇಳಿತು. ಕಂದಾಯದ ವಿಷಯದಲ್ಲಿ ಹೈಕೋರ್ಟುಗಳಿಗೆ ಮೂಲ ಅಧಿಕಾರವಿಲ್ಲವೆಂದು 1935ರ ಭಾರತ ಸರ್ಕಾರ ಕಾಯಿದೆಯ 226ನೇ ಸೆಕ್ಷನ್ ಕೂಡ ಬಾಗಿಲು ಮುಚ್ಚಿತ್ತು. 1950ರಲ್ಲಿ ಸಂವಿಧಾನ ಆ ನಿರ್ಬಂಧವನ್ನು ತೆಗೆದು ರಿಟ್ ಅಧಿಕಾರ ಕೊಟ್ಟಿತು. ಅದನ್ನು ಕೊಟ್ಟ ವಿಧಿಯ ಸಂಖ್ಯೆಯೂ 226 ಆದದ್ದು ಕಾಕತಾಳೀಯ. ಕಸ್ಟಮ್ಸ್ ವಕೀಲಿಕೆಯ ನಿಜವಾದ ಆರಂಭವನ್ನು ಇಲ್ಲಿಂದ ಎಣಿಸುವುದು ಸರಿ. 1962ರ ಕಸ್ಟಮ್ಸ್ ಕಾಯಿದೆಯನ್ನು ಆರಂಭಬಿಂದುವಾಗಿ ಹಿಡಿಯುವವರು ಈ ಹನ್ನೆರಡು ವರ್ಷಗಳನ್ನು ಕಡೆಗಣಿಸುತ್ತಾರೆ.

ಮೊದಲ ದೊಡ್ಡ ಉತ್ತರ ಬಂದದ್ದು ಮಕ್ಬೂಲ್ ಹುಸೇನ್ ಪ್ರಕರಣದಲ್ಲಿ. 1949ರ ನವೆಂಬರ್ 6ರಂದು ಜೆಡ್ಡಾದಿಂದ ಸಾಂತಾಕ್ರೂಜ್ ವಿಮಾನ ನಿಲ್ದಾಣಕ್ಕೆ ಬಂದಿಳಿದ ಪ್ರಯಾಣಿಕನ ಬಳಿ 107.2 ತೊಲ ಚಿನ್ನ ಸಿಕ್ಕಿತು. ಇಲಾಖೆ ಚಿನ್ನವನ್ನು ಮುಟ್ಟುಗೋಲು ಹಾಕಿಕೊಂಡು, ಬೇಕಿದ್ದರೆ 12,000 ರೂಪಾಯಿ ಕಟ್ಟಿ ಬಿಡಿಸಿಕೊಳ್ಳಬಹುದೆಂದಿತು. ಆಮೇಲೆ ವಿದೇಶಿ ವಿನಿಮಯ ಕಾಯಿದೆಯಡಿ ಮ್ಯಾಜಿಸ್ಟ್ರೇಟರ ಮುಂದೆ ಮೊಕದ್ದಮೆಯೂ ಬಿತ್ತು. ಒಂದೇ ತಪ್ಪಿಗೆ ಎರಡು ಶಿಕ್ಷೆಯೇ ಎಂಬ ಆಕ್ಷೇಪಣೆಯನ್ನು ಸುಪ್ರೀಂ ಕೋರ್ಟು 1953ರಲ್ಲಿ ತಳ್ಳಿಹಾಕಿತು: ಕಸ್ಟಮ್ಸ್ ಅಧಿಕಾರಿ ನ್ಯಾಯಾಲಯವಲ್ಲ, ಆತನ ಆದೇಶ ಶಿಕ್ಷೆಯೂ ಅಲ್ಲ. ಒಂದೇ ಮಹಜರಿನಿಂದ ಇಲಾಖಾ ನಡವಳಿ ಒಂದು, ಕ್ರಿಮಿನಲ್ ಮೊಕದ್ದಮೆ ಇನ್ನೊಂದು ಎಂದು ಜೋಡಿ ಕಡತ ನಡೆಸುವ ಪದ್ಧತಿ ಇದರಿಂದ ಗಟ್ಟಿಯಾಯಿತು.

ಎರಡನೆಯ ಪ್ರಶ್ನೆ ಹೆಚ್ಚು ತೊಡಕಿನದು. ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆ ಸಾಕ್ಷ್ಯವಾಗದು. ಕಸ್ಟಮ್ಸ್ ಅಧಿಕಾರಿಯ ಮುಂದಿನ ಹೇಳಿಕೆ? 1961ರ ಬರ್ಕತ್ ರಾಮ್ ತೀರ್ಪು ಆತ ಪೊಲೀಸನಲ್ಲವೆಂದಿತು. ಬಿಹಾರದ ಅಬಕಾರಿ ಅಧಿಕಾರಿ ಪೊಲೀಸನೇ ಎಂದು ರಾಜಾರಾಮ್ ಜೈಸ್ವಾಲ್ ತೀರ್ಪು ಹೇಳಿದ ಮೇಲೆ ಗೊಂದಲ ಎದ್ದಿತು. ಅದನ್ನು ಬಿಡಿಸಿದ ತೀರ್ಪುಗಳಲ್ಲಿ ಒಂದು ಮೈಸೂರು ರಾಜ್ಯದಿಂದ ಹೋದದ್ದು. ಬಡಕು ಜೋತಿ ಸಾವಂತ್ ಪ್ರಕರಣದಲ್ಲಿ 1966ರಲ್ಲಿ ಐವರ ಪೀಠ, ಕೇಂದ್ರ ಅಬಕಾರಿ ಅಧಿಕಾರಿಗೆ ಪೊಲೀಸರಂತೆ ಆರೋಪಪಟ್ಟಿ ಸಲ್ಲಿಸುವ ಅಧಿಕಾರವಿಲ್ಲ, ಹಾಗಾಗಿ ಆತನ ಮುಂದಿನ ಹೇಳಿಕೆ ಸಾಕ್ಷ್ಯಕ್ಕೆ ಬರುತ್ತದೆ ಎಂದಿತು. 1968ರ ರಮೇಶ್ ಚಂದ್ರ ಮೆಹ್ತಾ, ಇಲಿಯಾಸ್ ತೀರ್ಪುಗಳು ಕಸ್ಟಮ್ಸ್ ಅಧಿಕಾರಿಗೂ ಇದನ್ನೇ ಅನ್ವಯಿಸಿದವು.

ಇದರ ಪರಿಣಾಮ ಕಡತದಲ್ಲಿ ಕಣ್ಣಿಗೆ ಕಾಣುತ್ತದೆ. ಕಸ್ಟಮ್ಸ್ ಕಾಯಿದೆಯ ಸೆಕ್ಷನ್ 108ರ ಸಮನ್ಸ್, ಪುಟ ಪುಟಕ್ಕೂ ಸಹಿ ಹಾಕಿಸಿದ ಹೇಳಿಕೆ, ಅದರ ಹಿಂದೆಯೇ ಒತ್ತಾಯದಿಂದ ಬರೆಸಿಕೊಂಡರೆಂದು ಆರೋಪಿ ಮ್ಯಾಜಿಸ್ಟ್ರೇಟರಿಗೆ ಕೊಟ್ಟ ಅರ್ಜಿ. ಹೇಳಿಕೆ ಸ್ವಇಚ್ಛೆಯದೆಂದು ತೋರಿಸುವುದು, ಅದಕ್ಕೆ ಊರುಗೋಲಾಗಿ ಬೇರೆ ಸಾಕ್ಷ್ಯ ಹುಡುಕುವುದು ಅಭಿಯೋಜಕರ ನಿತ್ಯದ ಕೆಲಸವಾಯಿತು. ಚಿನ್ನ, ಕೈಗಡಿಯಾರದಂಥ ವಸ್ತುಗಳಲ್ಲಿ ಸೆಕ್ಷನ್ 123 ರುಜುವಾತಿನ ಹೊರೆಯನ್ನು ಎದುರಾಳಿಯ ಮೇಲೆಯೇ ಹೊರಿಸಿದೆ. ಉಳಿದ ವಸ್ತುಗಳಲ್ಲಿ ಹೊರೆ ಇಲಾಖೆಯದೇ ಆದರೂ ಗಣಿತದಷ್ಟು ಕರಾರುವಾಕ್ಕಾದ ರುಜುವಾತು ಬೇಕಿಲ್ಲ ಎಂದು 1974ರ ಭೂರ್ಮಲ್ ತೀರ್ಪು ಕೈಹಿಡಿಯಿತು.

1982ರ ಅಕ್ಟೋಬರ್ 11ರಂದು ಸೆಗ್ಯಾಟ್ (2003ರಿಂದ ಸೆಸ್ಟ್ಯಾಟ್) ಬಂದಾಗ ಮೇಲ್ಮನವಿ ಇಲಾಖೆಯ ಕೈಯಿಂದ ಹೊರಬಿತ್ತು. ಪ್ರಯಾಣಿಕರ ಸಾಮಾನಿನಂಥ ಕೆಲವು ಬಾಬುಗಳು ಮಾತ್ರ ಸರ್ಕಾರದ ಬಳಿಯೇ ಉಳಿದವು. ಇಲಾಖಾ ಪ್ರತಿನಿಧಿ ಎಂಬ ಅಧಿಕಾರಿ-ವಾದಿ ಹುಟ್ಟಿದ್ದು ಇಲ್ಲಿ. ಸರಕು ಯಾವ ಶೀರ್ಷಿಕೆಗೆ ಸೇರಬೇಕು, ಬೆಲೆ ಎಷ್ಟೆಂದು ಹಿಡಿಯಬೇಕು ಎಂಬುದು ವಕೀಲನಿಗಿಂತ ಆತನಿಗೇ ಚೆನ್ನಾಗಿ ಗೊತ್ತು. ಆದರೆ ಮೇಲ್ಮನವಿ ಹೂಡುವ ತೀರ್ಮಾನ ಪ್ರತಿನಿಧಿಯದೂ ಅಲ್ಲ, ವಕೀಲನದೂ ಅಲ್ಲ, ಹಿರಿಯ ಅಧಿಕಾರಿಗಳ ಸಮಿತಿಯದು. ತನ್ನದೇ ಕಮಿಷನರ್ ಬರೆದ ಆದೇಶ ತಪ್ಪೆಂದು ಇಲಾಖೆ ಅಪೀಲು ಹೋಗುವುದೂ ಉಂಟು. ಸಮಿತಿ, ಅಭಿಪ್ರಾಯ, ಮಂಜೂರಾತಿ ಎಂದು ಕಡತ ಮೇಜಿನಿಂದ ಮೇಜಿಗೆ ಸುತ್ತುವಷ್ಟರಲ್ಲಿ ಗಡುವು ಮೀರಿರುತ್ತದೆ. ಅಂಚೆ ಇಲಾಖೆಯ 427 ದಿನಗಳ ವಿಳಂಬವನ್ನು 2012ರಲ್ಲಿ ಸುಪ್ರೀಂ ಕೋರ್ಟು ಮನ್ನಿಸದೆ ಹೋದ ಮೇಲೆ, ಇಲಾಖಾ ಕಾರ್ಯವಿಧಾನವೇ ಕಾರಣ ಎಂಬ ಪ್ರಮಾಣಪತ್ರದ ಹಳೆಯ ಒಕ್ಕಣೆ ಕಸ್ಟಮ್ಸ್ ವಕೀಲರ ಕೈಯಲ್ಲೂ ಸಪ್ಪೆಯಾಯಿತು.

ಇತ್ತೀಚಿನ ಇನ್ನೊಂದು ವಿವಾದ ಅಧಿಕಾರಿಯ ಪದವಿಯದಲ್ಲ, ವ್ಯಾಪ್ತಿಯದು. 1957ರಲ್ಲಿ ಸ್ಥಾಪನೆಯಾದ ಕಂದಾಯ ಗುಪ್ತಚರ ನಿರ್ದೇಶನಾಲಯದ (ಡಿಆರ್‌ಐ) ಅಧಿಕಾರಿ ಸುಂಕ ಬಾಕಿಗೆ ಶೋಕಾಸ್ ನೋಟಿಸ್ ಕೊಡಬಹುದೇ? 2011ರ ಫೆಬ್ರವರಿಯಲ್ಲಿ ಸಯ್ಯದ್ ಅಲಿ ತೀರ್ಪು, ಆ ಕೆಲಸವನ್ನು ನಿರ್ದಿಷ್ಟವಾಗಿ ವಹಿಸಿದ ಅಧಿಕಾರಿ ಮಾತ್ರ ಕೊಡಬಹುದೆಂದಿತು. ಜುಲೈ 6ರ ಅಧಿಸೂಚನೆ 44/2011 ಡಿಆರ್‌ಐಗೆ ಅಧಿಕಾರ ವಹಿಸಿತು. ಹಳೆಯ ನೋಟಿಸುಗಳನ್ನು ಉಳಿಸಲು ಸಂಸತ್ತು ಸೆಪ್ಟೆಂಬರಿನಲ್ಲಿ ತಿದ್ದುಪಡಿ ತಂದಿತು. ಆ ತಿದ್ದುಪಡಿ ಸಾಕೇ ಎಂಬಲ್ಲಿ ಬಾಂಬೆ ಹೈಕೋರ್ಟು ಇಲಾಖೆಯ ಪರ, ದೆಹಲಿ ಹೈಕೋರ್ಟು 2016ರ ಮಂಗಲಿ ಇಂಪೆಕ್ಸ್ ತೀರ್ಪಿನಲ್ಲಿ ವಿರುದ್ಧ. 2021ರ ಮಾರ್ಚ್ 9ರಂದು ಡಿಜಿಟಲ್ ಕ್ಯಾಮೆರಾಗಳ ಆಮದಿಗೆ ಸಂಬಂಧಿಸಿದ ಕ್ಯಾನನ್ ಇಂಡಿಯಾ ಪ್ರಕರಣದಲ್ಲಿ ಮೂವರ ಪೀಠ ಡಿಆರ್‌ಐ ನೋಟಿಸನ್ನು ಅಸಿಂಧುವೆಂದಾಗ, ಅಂಥ ನೋಟಿಸುಗಳ ಮೇಲೆ ನಿಂತಿದ್ದ ಪ್ರಕರಣಗಳೆಲ್ಲ ಅಲುಗಾಡಿದವು. 2022ರ ಹಣಕಾಸು ಕಾಯಿದೆ ಮತ್ತೊಮ್ಮೆ ತೇಪೆ ಹಾಕಿತು.

2024ರ ನವೆಂಬರ್ 7ರಂದು ಮರುಪರಿಶೀಲನಾ ಅರ್ಜಿಯನ್ನು ಪುರಸ್ಕರಿಸಿ ಸುಪ್ರೀಂ ಕೋರ್ಟು ಕ್ಯಾನನ್ ತೀರ್ಪನ್ನು ತಿರುಗಿಸಿತು. ಅದು ಕೊಟ್ಟ ಕಾರಣಗಳಲ್ಲಿ ಒಂದು ಈ ವೃತ್ತಿಯ ದಾಖಲೆಯಲ್ಲಿ ಮುಖ್ಯವಾದದ್ದು: 1999ರ ಫೆಬ್ರವರಿ 15ರ ಸುತ್ತೋಲೆಯನ್ನೂ ಅಧಿಸೂಚನೆ 44/2011ನ್ನೂ ಮೂಲ ವಿಚಾರಣೆಯಲ್ಲಿ ಕೋರ್ಟಿನ ಗಮನಕ್ಕೆ ತಂದಿರಲಿಲ್ಲ. ಮೂರೂವರೆ ವರ್ಷ ಹೈಕೋರ್ಟು, ನ್ಯಾಯಮಂಡಳಿಗಳನ್ನು ಕಾಡಿದ ತೀರ್ಪಿನ ಬುಡದಲ್ಲಿ ಇಲಾಖೆಯ ಸ್ವಂತ ಕಾಗದಗಳ ಗೈರುಹಾಜರಿಯಿತ್ತು. ಸಂಸತ್ತಿನ ತಿದ್ದುಪಡಿಗಳಿಗೆ ಪುಟಗಟ್ಟಲೆ ಕೊಡುವ ಬರಹಗಳು ಇದನ್ನು ಅಡಿಟಿಪ್ಪಣಿಗೆ ಇಳಿಸಿರುವುದು ಸಮಂಜಸವಲ್ಲ.

ಪೊಲೀಸ್ ಪ್ರಶ್ನೆಯೂ ಮತ್ತೆ ತೆರೆದುಕೊಂಡಿದೆ. ಮಾದಕವಸ್ತು ಕಾಯಿದೆಯ ಅಧಿಕಾರಿಗಳು ಪೊಲೀಸರೇ ಎಂದು 2020ರ ತೋಫನ್ ಸಿಂಗ್ ತೀರ್ಪು ಬಹುಮತದಿಂದ ಹೇಳಿತು. ಕಸ್ಟಮ್ಸ್ ಕಾಯಿದೆಗೆ ಹಳೆಯ ನಿಲುವೇ ಉಳಿಯಿತು. 2025ರ ಫೆಬ್ರವರಿ 27ರ ರಾಧಿಕಾ ಅಗರ್ವಾಲ್ ತೀರ್ಪು ಕಸ್ಟಮ್ಸ್ ಅಧಿಕಾರಿ ಪೊಲೀಸನಲ್ಲವೆಂಬುದನ್ನು ಒಪ್ಪಿಕೊಂಡೇ, ಬಂಧನದ ಮಟ್ಟಿಗೆ ದಂಡಪ್ರಕ್ರಿಯಾ ಸಂಹಿತೆಯ ರಕ್ಷಣೆಗಳು ಅನ್ವಯಿಸುತ್ತವೆ ಎಂದಿದೆ. ಬಂಧನಕ್ಕೆ ಅಧಿಕಾರಿ ನಂಬಿದ ಕಾರಣಗಳು ಬರಹದಲ್ಲಿರಬೇಕು. ಮಾಹಿತಿ, ಜಪ್ತಿ, ಹೇಳಿಕೆ, ಬಂಧನದ ಸಮಯಗಳ ದಾಖಲೆಯನ್ನೂ ಇಟ್ಟಿರಬೇಕು. ಆರೋಪಿಯನ್ನು ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸುವ ದಿನ ಇಲಾಖೆಯ ವಕೀಲ ಈಗ ಹೇಳಿಕೆಯ ಜೊತೆಗೆ ಈ ದಾಖಲೆಗಳನ್ನೂ ಕೈಯಲ್ಲಿ ಹಿಡಿದಿರಬೇಕಾಗುತ್ತದೆ.