ಬೈಸಿಕಲ್‌ನಲ್ಲಿ ಕಚೇರಿಗೆ ಸಂಚಾರ: ದೂರ ಮತ್ತು ಉಳಿತಾಯದ ಲೆಕ್ಕ ಇಡುವ ಕ್ರಮ (ಬೆಳ್ಳಂದೂರು – ಹೊರವರ್ತುಲ ರಸ್ತೆ ಪ್ರದೇಶ)

ಸಾರ್ವಜನಿಕರ ಮಾಹಿತಿಗಾಗಿ

ಬೆಳ್ಳಂದೂರು, ಇಬ್ಬಲೂರು, ಕಾಡುಬೀಸನಹಳ್ಳಿ ಮತ್ತು ಹೊರವರ್ತುಲ ರಸ್ತೆಯ ಇತರ ಭಾಗಗಳ ಕಚೇರಿಗಳಿಗೆ ಬೈಸಿಕಲ್‌ನಲ್ಲಿ ತೆರಳುವ ನಾಗರಿಕರು ತಾವು ಕ್ರಮಿಸಿದ ದೂರವನ್ನೂ ಅದರಿಂದಾದ ಉಳಿತಾಯವನ್ನೂ ದಾಖಲಿಸಿಕೊಳ್ಳಲು ಅನುಕೂಲವಾಗುವಂತೆ ಈ ಮಾಹಿತಿಯನ್ನು ಒದಗಿಸಲಾಗಿದೆ.

ಎಣಿಸಬೇಕಾದ ದೂರ

ಮೋಟಾರು ವಾಹನ ಅಥವಾ ಬಸ್ಸಿನ ಪ್ರಯಾಣಕ್ಕೆ ಬದಲಾಗಿ ಸೈಕಲ್‌ನಲ್ಲಿ ಸಂಚರಿಸಿದ ದೂರವನ್ನು ಮಾತ್ರ ಉಳಿತಾಯದ ಲೆಕ್ಕಕ್ಕೆ ತೆಗೆದುಕೊಳ್ಳತಕ್ಕದ್ದು. ಭಾನುವಾರ ನಂದಿ ಬೆಟ್ಟಕ್ಕೆ ಹೋಗಿ ಬಂದ ದೂರವು ಆರೋಗ್ಯಕ್ಕೆ ಸಂದ ಲಾಭವೇ ಹೊರತು ಸಂಚಾರ ವೆಚ್ಚದ ಉಳಿತಾಯವಲ್ಲ. ಆ ದೂರವನ್ನು ಪ್ರತ್ಯೇಕ ಅಂಕಣದಲ್ಲಿ ಬರೆದಿಡಬಹುದು.

ದೂರ ಅಳೆಯುವ ವಿಧಾನ

ಚಕ್ರದ ಕಡ್ಡಿಗೆ ಅಯಸ್ಕಾಂತ ಅಳವಡಿಸಿ ಸುತ್ತುಗಳನ್ನು ಎಣಿಸುವ ಮಾಪಕವು ಅಗ್ಗವೂ ನಂಬಲರ್ಹವೂ ಆದ ಸಾಧನ. ಇದಕ್ಕೆ ಚಕ್ರದ ಸುತ್ತಳತೆಯನ್ನು ಸರಿಯಾಗಿ ನಮೂದಿಸುವುದು ಅಗತ್ಯ. ಟೈರಿನ ನೆಲ ಮುಟ್ಟುವ ಬಿಂದುವಿಗೆ ಸೀಮೆಸುಣ್ಣದ ಗುರುತು ಹಾಕಿ, ಸವಾರರು ಆಸನದ ಮೇಲೆ ಕುಳಿತಿರುವಂತೆಯೇ ಚಕ್ರವನ್ನು ಒಂದು ಪೂರ್ಣ ಸುತ್ತು ಉರುಳಿಸಿ, ನೆಲದ ಮೇಲಿನ ಎರಡು ಗುರುತುಗಳ ಅಂತರವನ್ನು ಟೇಪಿನಿಂದ ಅಳೆಯಬೇಕು. ವಾಸ್ತವ ಸುತ್ತಳತೆ 2,050 ಮಿ.ಮೀ. ಇದ್ದು ಮಾಪಕದಲ್ಲಿ 2,100 ಎಂದು ನಮೂದಿಸಿದಲ್ಲಿ, 1,000 ಕಿ.ಮೀ. ಕ್ರಮಿಸಿದಾಗ ಮಾಪಕವು 1,024 ಎಂದು ತೋರಿಸುತ್ತದೆ. ಟೈರು ಬದಲಾಯಿಸಿದಾಗಲೆಲ್ಲ ಹೊಸದಾಗಿ ಅಳೆಯುವುದು ಸೂಕ್ತ.

ಮೊಬೈಲ್ ಫೋನಿನ ಜಿಪಿಎಸ್ ಸಹ ಬಳಸಬಹುದು. ಆದರೆ ಎತ್ತರದ ಕಟ್ಟಡಗಳ ಪಕ್ಕದಲ್ಲಿ ಮತ್ತು ಮೇಲ್ಸೇತುವೆಗಳ ಕೆಳಗೆ ಸಂಕೇತವು ಅತ್ತಿತ್ತ ಜಿಗಿಯುವುದರಿಂದ ದೂರದಲ್ಲಿ ವ್ಯತ್ಯಾಸ ಕಂಡುಬರಬಹುದು. ನಿತ್ಯವೂ ಒಂದೇ ಮಾರ್ಗವಾದಲ್ಲಿ ಒಮ್ಮೆ ಸರಿಯಾಗಿ ಅಳೆದು ದಿನಗಳ ಸಂಖ್ಯೆಯಿಂದ ಗುಣಿಸಿದರೆ ಸಾಕು.

ಉಳಿತಾಯದ ಲೆಕ್ಕ

ನಿಜವಾಗಿ ತಪ್ಪಿದ ವೆಚ್ಚ ಮಾತ್ರ ಉಳಿತಾಯ. ಸ್ಕೂಟರ್ ಮನೆಯಲ್ಲಿ ನಿಂತಿದ್ದರೂ ವಿಮೆಯ ಕಂತು ನಿಲ್ಲುವುದಿಲ್ಲ, ಸಾಲದ ಕಂತೂ ನಿಲ್ಲುವುದಿಲ್ಲ. ವಾಹನವನ್ನು ಮಾರಿದ ನಂತರವೇ ಇವು ಉಳಿತಾಯದ ಅಂಕಣಕ್ಕೆ ಬರುತ್ತವೆ. ಅಂತೆಯೇ ಸೈಕಲ್ ಖರೀದಿಯು ಬಂಡವಾಳ ವೆಚ್ಚವಾದ್ದರಿಂದ ಅದನ್ನು ಒಂದೇ ತಿಂಗಳಿಗೆ ಹಾಕದೆ ಬಳಕೆಯ ವರ್ಷಗಳಿಗೆ ಹಂಚತಕ್ಕದ್ದು.

ಉದಾಹರಣೆಗೆ, ಒಂದು ಬದಿಗೆ 7 ಕಿ.ಮೀ.ಯಂತೆ ದಿನಕ್ಕೆ 14 ಕಿ.ಮೀ., ತಿಂಗಳಿಗೆ 16 ದಿನ, ವರ್ಷಕ್ಕೆ 11 ತಿಂಗಳು ಸಂಚರಿಸಿದಲ್ಲಿ ಒಟ್ಟು 2,464 ಕಿ.ಮೀ. ಆಗುತ್ತದೆ. ಸ್ಕೂಟರ್ ಲೀಟರಿಗೆ 45 ಕಿ.ಮೀ. ಓಡುವುದೆಂದೂ ಲೆಕ್ಕದ ಅನುಕೂಲಕ್ಕಾಗಿ ಪೆಟ್ರೋಲ್ ದರ 100 ರೂ. ಎಂದೂ ಇಟ್ಟುಕೊಂಡರೆ, ತಪ್ಪಿದ ಇಂಧನ ವೆಚ್ಚ ಸುಮಾರು 5,476 ರೂ. ಟೈರು, ಆಯಿಲ್, ಸರ್ವಿಸ್‌ಗಳಿಗೆ ಕಿ.ಮೀ.ಗೆ 50 ಪೈಸೆಯಂತೆ 1,232 ರೂ. ಸೇರಿಸಿದಾಗ ಒಟ್ಟು 6,708 ರೂ. ಇದರಿಂದ ಕಳೆಯಬೇಕಾದದ್ದು: ಸೈಕಲ್, ಹೆಲ್ಮೆಟ್, ಬೀಗ ಮತ್ತು ದೀಪಗಳಿಗೆ ಒಟ್ಟು 15,000 ರೂ. ಆಗಿದ್ದು 5 ವರ್ಷಕ್ಕೆ ಹಂಚಿದರೆ ವರ್ಷಕ್ಕೆ 3,000 ರೂ., ದುರಸ್ತಿಗೆ 1,500 ರೂ. ನಿವ್ವಳ ಉಳಿತಾಯ 2,208 ರೂ. ಮಾತ್ರ. ಅದೇ ದೂರವನ್ನು ಲೀಟರಿಗೆ 12 ಕಿ.ಮೀ. ಓಡುವ ಕಾರಿನಲ್ಲಿ ಕ್ರಮಿಸುತ್ತಿದ್ದವರಿಗೆ ಇಂಧನವೊಂದರಿಂದಲೇ ಸುಮಾರು 20,533 ರೂ. ತಪ್ಪಿ, ನಿವ್ವಳ 16,033 ರೂ. ಉಳಿಯುತ್ತದೆ. ಸಾವಿರಾರು ರೂಪಾಯಿ ಉಳಿಯುವುದೆಂಬ ಮಾತನ್ನು ಕೇಳಿ ದುಬಾರಿ ಸೈಕಲ್ ಕೊಳ್ಳುವ ಸ್ಕೂಟರ್ ಸವಾರರು ಈ ವ್ಯತ್ಯಾಸವನ್ನು ಮೊದಲೇ ಗಮನಿಸುವುದು ಒಳ್ಳೆಯದು. 2025ರ ಸೆಪ್ಟೆಂಬರ್ 22ರಿಂದ ಬೈಸಿಕಲ್ ಮೇಲಿನ ಜಿಎಸ್‌ಟಿ ಶೇ. 12ರಿಂದ ಶೇ. 5ಕ್ಕೆ ಇಳಿದಿರುವುದರಿಂದ, ಖರೀದಿ ಬಿಲ್ಲಿನಲ್ಲಿ ತೆರಿಗೆಯ ದರವನ್ನು ಪರಿಶೀಲಿಸಿಕೊಳ್ಳುವುದು.

ಪ್ರತಿ ಲೀಟರ್ ಪೆಟ್ರೋಲ್ ದಹನದಿಂದ ಸುಮಾರು 2.3 ಕೆ.ಜಿ. ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಮೇಲಿನ ಸ್ಕೂಟರ್ ಉದಾಹರಣೆಯಲ್ಲಿ ಇದು ವರ್ಷಕ್ಕೆ ಸುಮಾರು 126 ಕೆ.ಜಿ.

ಬಸ್ ಪ್ರಯಾಣಿಕರಿಗೆ

ಬಿಎಂಟಿಸಿ ಮಾಸಿಕ ಪಾಸ್ ಪಡೆದವರು ತಿಂಗಳಲ್ಲಿ ಕೆಲವು ದಿನ ಸೈಕಲ್ ಬಳಸಿದರೆ ಹಣ ಉಳಿಯುವುದಿಲ್ಲ. ಪಾಸ್ ಕೊಳ್ಳದ ತಿಂಗಳಲ್ಲಿ ಮಾತ್ರ ಉಳಿಯುತ್ತದೆ. ಬಿಡಿ ಟಿಕೆಟ್ ಕೊಳ್ಳುವವರು ಆಯಾ ದಿನಾಂಕದ ದರವನ್ನೇ ಬಳಸತಕ್ಕದ್ದು, ಏಕೆಂದರೆ 2025ರ ಜನವರಿ 5ರಂದು ದರಗಳು ಶೇ. 15ರಷ್ಟು ಏರಿವೆ. 2023ರ ಜೂನ್ 11ರಂದು ಜಾರಿಗೆ ಬಂದ ಶಕ್ತಿ ಯೋಜನೆಯಡಿ ಸಾಮಾನ್ಯ ಬಸ್ಸಿನಲ್ಲಿ ಉಚಿತವಾಗಿ ಸಂಚರಿಸುವ ಮಹಿಳೆಯರ ವಿಷಯದಲ್ಲಿ ತಪ್ಪುವ ವೆಚ್ಚ ಶೂನ್ಯ. ಅವರು ಸಮಯದ ಉಳಿತಾಯವನ್ನು ನಿಮಿಷಗಳಲ್ಲಿ ದಾಖಲಿಸಬಹುದು. ಸಂಜೆಯ ವಾಹನ ದಟ್ಟಣೆಯಲ್ಲಿ ಅದು ಸಣ್ಣ ಸಂಖ್ಯೆಯೇನಲ್ಲ.

ಸಾರ್ವಜನಿಕ ದಾಖಲೆ

ಬೆಂಗಳೂರಿನ ಬೈಸಿಕಲ್ ಮೇಯರ್ ಸತ್ಯ ಶಂಕರನ್ ಅವರ ನೇತೃತ್ವದಲ್ಲಿ 2018ರಲ್ಲಿ ಆರಂಭವಾದ ‘ಸೈಕಲ್ ಟು ವರ್ಕ್’ ಅಭಿಯಾನವು ಸವಾರರ ಸಂಚಾರವನ್ನು ಸ್ಟ್ರಾವಾ ಆ್ಯಪ್ ಮೂಲಕ ಸಂಗ್ರಹಿಸಿ, ಕಂಪನಿವಾರು ಪಟ್ಟಿ ಪ್ರಕಟಿಸಿತು. 2020ರಲ್ಲಿ ಹೊರವರ್ತುಲ ರಸ್ತೆಯಲ್ಲಿ ತಾತ್ಕಾಲಿಕ ಸೈಕಲ್ ಪಥವನ್ನು ಗುರುತಿಸಲಾಯಿತು. ಮೆಟ್ರೊ ನೀಲಿ ಮಾರ್ಗದ ಕಾಮಗಾರಿ ನಡೆದ ವರ್ಷಗಳಲ್ಲಿ ಅದರ ಬೇರ್ಪಡಿಕೆ ಕಂಬಗಳು ಬಹುಮಟ್ಟಿಗೆ ಮರೆಯಾದವು. ಅಂತಹ ಪಥವನ್ನು ಮತ್ತೆ ಕೋರಿ ಮನವಿ ಸಲ್ಲಿಸುವವರು ಒಟ್ಟು ಕಿ.ಮೀ. ಬರೆಯುವುದಕ್ಕಿಂತ ಮಾರ್ಗ, ಸಮಯ ಮತ್ತು ದಿನಗಳ ಸಂಖ್ಯೆಯನ್ನು ಬರೆಯುವುದು ಹೆಚ್ಚು ಉಪಯುಕ್ತ. ಬೆಳಿಗ್ಗೆ 8ರಿಂದ 10ರವರೆಗೆ ಇಬ್ಬಲೂರು ಜಂಕ್ಷನ್ ದಾಟುವವರ ಎಣಿಕೆಯಿಂದ ಪಥದ ಅಗತ್ಯ ತಿಳಿಯುತ್ತದೆ. ವಾರಾಂತ್ಯದ ಸವಾರಿಗಳನ್ನು ಸೇರಿಸಿ ಹಿಗ್ಗಿಸಿದ ಮೊತ್ತದಿಂದ ತಿಳಿಯುವುದಿಲ್ಲ. ಮಾಪಕದ ಓದನ್ನು ಪ್ರತಿ ತಿಂಗಳ ಮೊದಲ ದಿನ ಪುಸ್ತಕದಲ್ಲಿ ಬರೆದು, ಅಂದಿನ ಇಂಧನ ದರವನ್ನೂ ಪಕ್ಕದಲ್ಲಿ ನಮೂದಿಸುವಂತೆ ಕೋರಲಾಗಿದೆ.